ಅಮೆರಿಕದಲ್ಲಿ ಬಟ್ಟೆ ಕ್ಲಾಸೆಟ್ ಒಳಗೆ ಲೈಟ್ ಹಾಕುವಂತಿಲ್ಲವೇ? ನಿಯಮ ಹೇಳುವುದೇನು?

‘ಅಮೆರಿಕದ ಮನೆಗಳಲ್ಲಿ ಬಟ್ಟೆ ಇಡುವ ಕ್ಲಾಸೆಟ್ ಒಳಗೆ ಲೈಟ್ ಹಾಕುವುದು ನಿಷೇಧ’ ಎನ್ನುವವರಿದ್ದಾರೆ. ‘ಎಲ್‌ಇಡಿ ಬಲ್ಬ್ ಹಾಕಿದರೆ ಏನೂ ಆಗಲ್ಲ’ ಎನ್ನುವವರೂ ಇದ್ದಾರೆ. ಎರಡೂ ಪೂರ್ತಿ ನಿಜವಲ್ಲ. ಅಲ್ಲಿ ಹಳೆಯ ಮನೆ ಕೊಂಡಿರುವ ಅಥವಾ ಬಾಡಿಗೆಗೆ ಹಿಡಿದಿರುವ ಕನ್ನಡಿಗರು ಇದನ್ನು ತಿಳಿದಿರುವುದು ಒಳ್ಳೆಯದು.

ಕ್ಲಾಸೆಟ್ ಎಂದರೆ ನಮ್ಮ ಕಬ್ಬಿಣದ ಬೀರು ಅಲ್ಲ. ಮಲಗುವ ಕೋಣೆಯ ಗೋಡೆಯೊಳಗೇ ಬಾಗಿಲಿಟ್ಟು ಕಟ್ಟಿದ, ಬಟ್ಟೆಗೆಂದೇ ಇರುವ ಜಾಗ. ಒಳಗೆ ನಡೆದು ಹೋಗುವಷ್ಟು ದೊಡ್ಡದಿದ್ದರೂ ಕ್ಲಾಸೆಟ್ಟೇ.

1897ರಲ್ಲಿ ಮೊದಲು ಪ್ರಕಟವಾದ ಅಲ್ಲಿನ ‘ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್’ನ 410.16ನೇ ವಿಭಾಗದಲ್ಲಿ ಈ ನಿಯಮವಿದೆ. ಕ್ಲಾಸೆಟ್‌ಗೆ ಲೈಟ್ ಇರಲೇಬೇಕು ಎಂದೇನೂ ಕೋಡ್ ಹೇಳುವುದಿಲ್ಲ. ಹಾಕುವುದಾದರೆ ಹೇಗೆ ಎಂದಷ್ಟೇ ಹೇಳುತ್ತದೆ. ಬಲ್ಬ್ ಬರಿದಾಗಿ ಕಾಣುವ ಅಥವಾ ಅರ್ಧ ಮಾತ್ರ ಮುಚ್ಚಿದ ಫಿಲಮೆಂಟ್ ದೀಪ ಹಾಕುವಂತಿಲ್ಲ. ಮೇಲಿನಿಂದ ನೇತಾಡುವ ದೀಪವೂ ಕೂಡದು. ಪೂರ್ತಿ ಕವರ್ ಇರುವ ದೀಪಗಳಿಗೆ, ಟ್ಯೂಬ್‌ಲೈಟ್‌ಗೆ ಅಡ್ಡಿಯಿಲ್ಲ.

ಕಾರಣ ಶಾಖ. ಫಿಲಮೆಂಟ್ ಬಲ್ಬ್ ತೆಗೆದುಕೊಳ್ಳುವ ವಿದ್ಯುತ್ತಿನಲ್ಲಿ ಸುಮಾರು 90 ಭಾಗ ಶಾಖವಾಗಿಯೇ ಹೋಗುತ್ತದೆ. 60 ವಾಟ್ ಬಲ್ಬಿನ ಗಾಜು 100 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಅದಕ್ಕೆ ಕಂಬಳಿಯೋ ಸ್ವೆಟರೋ ತಾಗಿಕೊಂಡಿದ್ದು, ಲೈಟ್ ಆರಿಸದೆ ಬಾಗಿಲು ಹಾಕಿದರೆ ಶಾಖಕ್ಕೆ ಹೋಗಲು ದಾರಿಯಿಲ್ಲ. ಬಲ್ಬ್ ಒಡೆದರಂತೂ ಬಿಸಿ ಚೂರುಗಳು ಬಟ್ಟೆಯ ಮೇಲೆಯೇ ಬೀಳುತ್ತವೆ.

ಹಾಗಿದ್ದರೆ ಹಳೆಯ ಪಿಂಗಾಣಿ ಹೋಲ್ಡರ್‌ಗೆ ಎಲ್‌ಇಡಿ ಬಲ್ಬ್ ಹಾಕಿದರೆ ಸಾಲದೇ? ಅಪಾಯ ಕಡಿಮೆಯಾಗುತ್ತದೆ, ನಿಜ. ಆದರೆ ನಿಯಮ ನೋಡುವುದು ಇಡೀ ಫಿಟ್ಟಿಂಗನ್ನು. ನಾಳೆ ಬೇರೊಬ್ಬರು ಅದೇ ಹೋಲ್ಡರ್‌ಗೆ ಫಿಲಮೆಂಟ್ ಬಲ್ಬ್ ತಿರುಗಿಸಬಹುದು. 2023ರ ಆಗಸ್ಟ್‌ನಿಂದ ಅಮೆರಿಕದಲ್ಲಿ ಸಾಮಾನ್ಯ ಫಿಲಮೆಂಟ್ ಬಲ್ಬ್ ಮಾರಾಟ ನಿಂತಿದೆ, ಆದರೂ ಅಟ್ಟದ ಡಬ್ಬದಲ್ಲಿ ನಾಲ್ಕು ಉಳಿದಿರುವುದಿಲ್ಲ ಎನ್ನುವಂತಿಲ್ಲ.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ದೂರ ಅಳೆಯುವುದು ಈಗ ಇಟ್ಟಿರುವ ಬಟ್ಟೆಯಿಂದಲ್ಲ, ಬಟ್ಟೆ ಇಡಬಹುದಾದ ಜಾಗದಿಂದ. ಕಪಾಟು ಖಾಲಿಯಿದ್ದರೂ ಲೆಕ್ಕ ಅದೇ. ಪಕ್ಕದ ಮತ್ತು ಹಿಂದಿನ ಗೋಡೆಗಳಿಂದ 24 ಇಂಚು, ನೆಲದಿಂದ 6 ಅಡಿ ಅಥವಾ ಬಟ್ಟೆ ನೇತುಹಾಕುವ ಅತಿ ಎತ್ತರದ ಕೋಲಿನವರೆಗೆ ಈ ಜಾಗವೆನಿಸುತ್ತದೆ. ಅದರ ಮೇಲೆ ಸೀಲಿಂಗ್‌ವರೆಗೂ 12 ಇಂಚು ಅಥವಾ ಶೆಲ್ಫಿನ ಅಗಲ, ಯಾವುದು ಹೆಚ್ಚೋ ಅದು. ಸೀಲಿಂಗ್ ಮೇಲೆ ಅಥವಾ ಬಾಗಿಲ ಮೇಲಿನ ಗೋಡೆಗೆ ಕೂರಿಸುವ, ಕವರ್ ಇರುವ ಎಲ್‌ಇಡಿ ದೀಪಕ್ಕೂ ಈ ಜಾಗಕ್ಕೂ 12 ಇಂಚು ಅಂತರ ಬೇಕು. ಸೀಲಿಂಗ್ ಒಳಗೆ ಹುದುಗಿಸಿದರೆ 6 ಇಂಚು ಸಾಕು. ಟ್ಯೂಬ್‌ಲೈಟ್‌ಗೂ 6 ಇಂಚು.

24 ಇಂಚು ಆಳದ ಕ್ಲಾಸೆಟ್ ತೆಗೆದುಕೊಳ್ಳಿ. ಶೆಲ್ಫಿಗೆ 12 ಇಂಚು ಹೋಯಿತು, ಅಂತರಕ್ಕೆ ಇನ್ನು 12. ಹೊರಗೆ ಕೂರಿಸುವ ಎಲ್‌ಇಡಿ ದೀಪಕ್ಕೆ ಜಾಗವೇ ಉಳಿಯಲಿಲ್ಲ! ಇಂಥ ಕಡೆ ಹುದುಗಿಸುವ ದೀಪವೇ ಬೇಕು. ಅಥವಾ ಬಟ್ಟೆ ಜಾಗದೊಳಗೇ ಹಾಕಲು ಯೋಗ್ಯವೆಂದು ಗುರುತಿಸಿದ ಎಲ್‌ಇಡಿ ದೀಪಗಳು ಸಿಗುತ್ತವೆ, ಅವನ್ನು ಹಾಕಬಹುದು.

ಕೋಡ್ ತಾನಾಗಿಯೇ ಕಾನೂನಲ್ಲ. ರಾಜ್ಯ ಅಥವಾ ಊರು ಅದನ್ನು ಅಳವಡಿಸಿಕೊಂಡಾಗ ಮಾತ್ರ ಜಾರಿಗೆ ಬರುತ್ತದೆ. ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುವುದರಿಂದ ಎಲ್ಲ ಕಡೆ ಒಂದೇ ಆವೃತ್ತಿಯೂ ಇರುವುದಿಲ್ಲ. ನಿಮ್ಮ ಊರಿನಲ್ಲಿ ಯಾವುದು ನಡೆಯುತ್ತದೆ ಎಂಬುದನ್ನು ಸ್ಥಳೀಯ ಕಟ್ಟಡ ಇಲಾಖೆಯಲ್ಲಿ ಅಥವಾ ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಬಳಿ ಕೇಳಬಹುದು. ಬಾಡಿಗೆ ಮನೆಯಾದರೆ ಮೊದಲು ಮಾಲೀಕರಿಗೆ ತಿಳಿಸಿ. ಅಲ್ಲಿಯವರೆಗೆ ಆ ಬರಿ ಬಲ್ಬ್ ಕೆಳಗಿನ ಮೇಲಿನ ಶೆಲ್ಫನ್ನು ಖಾಲಿ ಮಾಡಿಡಿ.