ಬೂಟ್ ಮೆನುವಿನ ಅಲಂಕಾರ ಮತ್ತು ಕನ್ನಡ ಲಿಪಿ

ಒಂದೇ ಗಣಕಯಂತ್ರದಲ್ಲಿ ಎರಡು ಮೂರು ಆಪರೇಟಿಂಗ್ ಸಿಸ್ಟಮ್‌ಗಳಿದ್ದಲ್ಲಿ, ಯಂತ್ರವು ಎಚ್ಚರಗೊಂಡೊಡನೆ ಯಾವುದನ್ನು ನಡೆಸಬೇಕೆಂದು ಕೇಳುವ ಪಟ್ಟಿಗೆ ಬೂಟ್ ಮೆನುವೆಂದು ಹೆಸರು. ಈ ಪಟ್ಟಿಯ ರೂಪವನ್ನು ಬಳಸುವವನೇ ಇಚ್ಛೆಯಂತೆ ತಿದ್ದಿಕೊಳ್ಳುವ ಸೌಲಭ್ಯವು ಹೇಗೆ ಬೆಳೆದು ಬಂದಿತು, ಅದರಲ್ಲಿ ಕನ್ನಡಕ್ಕೆ ದೊರೆತ ಸ್ಥಾನವೇನು ಎಂಬುದನ್ನು ನಾವು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

1990ರ ದಶಕದಲ್ಲಿ ಲಿನಕ್ಸ್ ಬಳಸುತ್ತಿದ್ದವರಿಗೆ ಪರಿಚಿತವಾಗಿದ್ದ ಲಿಲೋ ಎಂಬ ಕ್ರಮವಿಧಿಯು ಮೊದಲಿಗೆ ತೋರುತ್ತಿದ್ದುದು ಬರಿಯ ಅಕ್ಷರಗಳ ಒಂದು ಸಾಲನ್ನು ಮಾತ್ರ. 1995ರಲ್ಲಿ ಎರಿಕ್ ಬೋಲಿನ್ ಆರಂಭಿಸಿದ ಗ್ರಬ್ ಎಂಬುದು ಆಯ್ಕೆಗಳನ್ನು ಪಟ್ಟಿಯಾಗಿ ತೋರಿಸಿತು. ಅದರ ಹಿಂಬದಿಗೆ ಚಿತ್ರವನ್ನು ಕೂಡಿಸುವ ಕ್ರಮ ಅನಂತರ ಬಂದಿತು. ಆದರೆ ಆ ಚಿತ್ರದ ಅಳತೆ 640×480 ಬಿಂದುಗಳು, ಬಣ್ಣಗಳು ಕೇವಲ 14. ಗ್ರಬ್ಬನ್ನು ಹೊಸದಾಗಿ ಬರೆಯುವ ಕಾರ್ಯ ನಡೆದಿದ್ದಾಗ, 2008ರ ಗೂಗಲ್ ಸಮ್ಮರ್ ಆಫ್ ಕೋಡ್ ಯೋಜನೆಯಲ್ಲಿ ಕಾಲಿನ್ ಬೆನೆಟ್ ಎಂಬವರು ಚಿತ್ರರೂಪದ ಮೆನುವನ್ನು ರಚಿಸಿದರು. ಗ್ರಬ್ಬಿನ 2.00ನೆಯ ಆವೃತ್ತಿ 2012ರಲ್ಲಿ ಪ್ರಕಟವಾಯಿತು.

ಈ ಹೊಸ ವಿಧಾನದಲ್ಲಿ ಅಲಂಕಾರದ ವಿವರವೆಲ್ಲವೂ ಥೀಮ್ ಎಂಬ ಒಂದು ಸಾದಾ ಕಡತದಲ್ಲಿ ಅಡಗಿದೆ. ಹಿಂಬದಿಯ ಚಿತ್ರ, ಪಟ್ಟಿಯ ಸ್ಥಾನ, ಆಯ್ದ ಸಾಲಿನ ಬಣ್ಣ, ಉಳಿದ ಸಮಯವನ್ನು ಸೂಚಿಸುವ ಗೆರೆ, ಪ್ರತಿಯೊಂದು ಹೆಸರಿನ ಪಕ್ಕದ ಚಿಕ್ಕ ಚಿತ್ರ, ಇವೆಲ್ಲವನ್ನೂ ಅಲ್ಲಿ ಬರೆದಿಡಬಹುದು. ಅಕ್ಷರಗಳನ್ನು ಮಾತ್ರ ಗ್ರಬ್ಬಿಗೆ ತಿಳಿಯುವ ಬಿಂದುರೂಪಕ್ಕೆ ಮೊದಲೇ ಪರಿವರ್ತಿಸಿಕೊಳ್ಳಬೇಕು.

ಕನ್ನಡದ ಕಷ್ಟವು ಆರಂಭವಾಗುವುದು ಇಲ್ಲಿಯೇ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಗ್ರಬ್ಬಿನೊಡನೆ ಬರುವ ಯೂನಿಫಾಂಟ್‌ನಲ್ಲಿ ಕನ್ನಡದ ಅಕ್ಷರಗಳೂ ಇವೆ. ಆದರೆ ಅಕ್ಷರಗಳಿದ್ದ ಮಾತ್ರಕ್ಕೆ ಬರಹವಾಗದು. ಬೆಂಗಳೂರಿನ ನೆರೆಹೊರೆಯ ಎರಡು ಬಡಾವಣೆಗಳ ಹೆಸರುಗಳನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ‘ಜಯನಗರ’ ಎಂಬುದರಲ್ಲಿ ಗುಣಿತವೂ ಇಲ್ಲ, ಒತ್ತಕ್ಷರವೂ ಇಲ್ಲ. ಐದು ಅಕ್ಷರಗಳನ್ನು ಸಾಲಾಗಿ ಇಟ್ಟರೆ ಹೆಸರು ಸಿದ್ಧವಾಯಿತು. ‘ಬನಶಂಕರಿ’ಯಲ್ಲಿಯಾದರೋ ಕೊನೆಯ ರಕಾರವು ತಲೆಕಟ್ಟನ್ನು ಕಳೆದುಕೊಂಡು ಗುಡಿಸಿನೊಡನೆ ಬೆರೆಯಬೇಕು. ‘ಕನ್ನಡ’ ಎಂಬ ಹೆಸರಿನಲ್ಲಿಯೇ ನಕಾರದ ಕೆಳಗೆ ಒತ್ತು ಬರಬೇಕು. ಆಪರೇಟಿಂಗ್ ಸಿಸ್ಟಮ್ ನಡೆಯುತ್ತಿರುವಾಗ ಈ ಬೆಸುಗೆಯನ್ನು ಮಾಡಲು ಬೇರೆ ಕ್ರಮವಿಧಿಗಳಿವೆ. ಬೂಟ್ ಮೆನು ಕಾಣಿಸಿಕೊಳ್ಳುವ ವೇಳೆಗೆ ಅವು ಇನ್ನೂ ಎಚ್ಚರಗೊಂಡಿರುವುದಿಲ್ಲ. ಅರಬ್ಬೀ ಅಕ್ಷರಗಳನ್ನು ಕೂಡಿಸುವ ವ್ಯವಸ್ಥೆ ಗ್ರಬ್ಬಿನಲ್ಲಿದೆ. ಭಾರತೀಯ ಲಿಪಿಗಳಿಗೆ ಅಂಥದಿಲ್ಲ.

ಇದಕ್ಕೆ ಪರಿಹಾರವೆಂದರೆ ಕನ್ನಡದ ಹೆಸರುಗಳನ್ನು ಚಿತ್ರವಾಗಿ ಬರೆದು ಮೆನುವಿನಲ್ಲಿ ಇಡುವುದು. ನಮ್ಮ ಮುದ್ರಣದ ಇತಿಹಾಸವನ್ನು ಬಲ್ಲವರಿಗೆ ಈ ಉಪಾಯ ಹೊಸದೆನಿಸದು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾಯಿತು, ಬರಹಗಾರನ ಕೈಬರಹವೇ ಅಲ್ಲಿ ಚಿತ್ರವಾಗಿ ಕಾಗದಕ್ಕೆ ಇಳಿಯುತ್ತಿತ್ತು. ಮರುವರ್ಷ ಪತ್ರಿಕೆಯು ಅಚ್ಚಿನ ಮೊಳೆಗಳಿದ್ದ ಬಳ್ಳಾರಿಗೆ ಹೋಯಿತು. ಕಲ್ಲಚ್ಚು ಸುಂದರವಾದುದು, ಆದರೆ ಒಂದು ಪುಟಕ್ಕಾಗಿ ಬರೆದುದನ್ನು ಬಿಡಿಸಿ ಮತ್ತೊಂದು ಪುಟಕ್ಕೆ ಜೋಡಿಸಲು ಅದರಲ್ಲಿ ಅವಕಾಶವಿಲ್ಲ.

ಚಿತ್ರಿತ ಬೂಟ್ ಮೆನುವಿನ ಕೊರತೆಯೂ ಇದೇ ಬಗೆಯದು. ಲಿನಕ್ಸಿನ ಹೊಸ ಕರ್ನೆಲ್ ಬಂದಾಗ ಪಟ್ಟಿಯು ಸಾಮಾನ್ಯವಾಗಿ ತಾನಾಗಿಯೇ ತಿದ್ದಿಕೊಳ್ಳುತ್ತದೆ. ಚಿತ್ರದೊಳಗಿನ ಕನ್ನಡವು ತಿದ್ದಿಕೊಳ್ಳಲಾರದು. ಆದಕಾರಣ ಚಿತ್ರವನ್ನು ತಾತ್ಕಾಲಿಕ ಉಪಾಯವೆಂದು ಸ್ವೀಕರಿಸಬಹುದೇ ಹೊರತು ಗುರಿಯೆಂದಲ್ಲ. ಅಕ್ಷರಗಳನ್ನು ಬೆಸೆಯುವ ಚಿಕ್ಕದೊಂದು ಕ್ರಮವಿಧಿಯನ್ನು ಗ್ರಬ್ಬಿಗೇ ಕೂಡಿಸುವುದು ನಿಜವಾದ ಮಾರ್ಗ. ಅದರ ಮೂಲಪಾಠವು ಎಲ್ಲರೂ ಓದಿ ತಿದ್ದಬಹುದಾದಂಥದು. ಲಿಪಿಯ ನಿಯಮವನ್ನೂ ಯಂತ್ರದ ನಿಯಮವನ್ನೂ ಬಲ್ಲ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉಚಿತವಾದ ಸಂಶೋಧನ ವಿಷಯವು ಸುಲಭವಾಗಿ ದೊರೆಯಲಾರದೆಂದು ನಾವು ಭಾವಿಸುತ್ತೇವೆ.