ಲಿವರ್‌ಪೂಲ್ ಬಂದರು: ಜೋಡಿಚಿತ್ರಗಳಲ್ಲಿ ಕಂಡದ್ದು, ಕಾಣದೆ ಹೋದದ್ದು

ಶಾಸನದ ಪಾಠವನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸುವ ನಾವು ಹಳೆಯ ಛಾಯಾಚಿತ್ರದ ಮುಂದೆ ಮಾತ್ರ ಪ್ರಶ್ನೆ ಕೇಳುವುದನ್ನು ಮರೆಯುತ್ತೇವೆ. ವಿಕ್ಟೋರಿಯಾ ರಾಣಿಯ ಕಾಲದ ಲಿವರ್‌ಪೂಲ್ ಬಂದರನ್ನು ಸ್ಟೀರಿಯೋಸ್ಕೋಪ್ ಚಿತ್ರಗಳ ಮೂಲಕ ಅರಿಯಹೊರಟವರಿಗೆ ಈ ಮರೆವು ದುಬಾರಿಯಾದೀತು.

ಎರಡು ಕಣ್ಣುಗಳ ತುಸು ಭಿನ್ನ ಬಿಂಬಗಳು ಒಂದುಗೂಡುವುದರಿಂದ ಆಳದ ಅರಿವು ಉಂಟಾಗುತ್ತದೆಂದು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಪ್ರತಿಪಾದಿಸಿದನು. ಡೇವಿಡ್ ಬ್ರೂಸ್ಟರ್ ರೂಪಿಸಿದ ಮಸೂರದ ಪೆಟ್ಟಿಗೆಯು 1851ರ ಲಂಡನ್ ಮಹಾಪ್ರದರ್ಶನದಲ್ಲಿ ರಾಣಿಯ ಮೆಚ್ಚುಗೆ ಪಡೆದು, ಬಳಿಕ ಮಧ್ಯಮವರ್ಗದ ಮನೆಗಳನ್ನು ಹೊಕ್ಕಿತು.

ಮೊದಮೊದಲು ಒಂದೇ ಮಸೂರದ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿ ಎರಡು ಬಾರಿ ಚಿತ್ರ ತೆಗೆಯುವುದೂ ಇತ್ತು. ಎಡಬಿಂಬದಲ್ಲಿ ನಿಂತಿದ್ದ ಗಾಡಿ ಬಲಬಿಂಬದ ಹೊತ್ತಿಗೆ ಹೊರಟುಹೋಗಿರಬಹುದು. ಒಂದೇ ರಟ್ಟಿನ ಮೇಲೆ ಎರಡು ಗಳಿಗೆಗಳು! ಪಾಠಾಂತರಗಳಲ್ಲಿ ಪಳಗಿದವರಿಗೆ ಇದು ಅಪರಿಚಿತ ಸಮಸ್ಯೆಯೇನಲ್ಲ. ಈ ತೊಡಕನ್ನು ನೀಗುವ ಅವಳಿ ಮಸೂರದ ಕ್ಯಾಮೆರಾಕ್ಕೆ 1856ರಲ್ಲಿ ಪೇಟೆಂಟ್ ಪಡೆದ ಜಾನ್ ಬೆಂಜಮಿನ್ ಡ್ಯಾನ್ಸರ್ ಲಿವರ್‌ಪೂಲಿನಲ್ಲಿಯೇ ಬೆಳೆದು, ತಂದೆಯಿಂದ ಮಸೂರದ ಕಸುಬು ಕಲಿತವನು. 1853ರಲ್ಲಿ ಅಲ್ಲಿನ ಛಾಯಾಚಿತ್ರ ಸಂಘವನ್ನು ಸ್ಥಾಪಿಸಿದವರಲ್ಲಿ ಒಬ್ಬನಾದ ಫ್ರಾನ್ಸಿಸ್ ಫ್ರಿತ್ ಆಗ ಅದೇ ಊರಿನ ಕಿರಾಣಿ ಸಗಟು ವರ್ತಕ.

ಜೆಸ್ಸಿ ಹಾರ್ಟ್ಲಿ ಕಟ್ಟಿಸಿದ, 1846ರಲ್ಲಿ ತೆರೆದ ಆಲ್ಬರ್ಟ್ ಡಾಕ್‌ನ ಇಟ್ಟಿಗೆ, ಕಲ್ಲು, ಕಬ್ಬಿಣಗಳು ಕ್ಯಾಮೆರಾದ ಮುಂದೆ ಅಲುಗದೆ ನಿಲ್ಲಬಲ್ಲವು. ಹೊರೆ ಹೊತ್ತು ನಡೆಯುವ ಕೂಲಿಕಾರನಿಗೆ ಅದು ಸಾಧ್ಯವಿಲ್ಲ. ಗಾಜಿನ ಫಲಕಕ್ಕೆ ಹಲವು ಸೆಕೆಂಡುಗಳ ಬೆಳಕು ಬೇಕಾಗಿದ್ದ ದಿನಗಳಲ್ಲಿ ಅವನು ಮಸುಕಾದ ಮಬ್ಬಾಗಿ ಉಳಿದ, ಇಲ್ಲವೇ ಅಳಿಸಿಯೇ ಹೋದ. ಆದುದರಿಂದ ನಿರ್ಜನವಾಗಿ ಕಾಣುವ ಕಟ್ಟೆಯನ್ನು ನಿರ್ಜನವೆಂದು ಓದಲಾಗದು. ಅದು ಅತ್ಯಂತ ಗಿಜಿಗುಟ್ಟುತ್ತಿದ್ದ ಕಟ್ಟೆಯೇ ಆಗಿರಬಹುದು. ಜೋಡಿಚಿತ್ರದ ಪುಟ್ಟ ಬಿಂಬ ಮತ್ತು ಕಿರುಸಂಗಮದೂರದ ಮಸೂರಗಳು ಈ ಅವಧಿಯನ್ನು ತಗ್ಗಿಸಿದ್ದರಿಂದ, 1850ರ ದಶಕದ ಕೊನೆಗೆ ನಡೆಯುವ ಜನರೂ ಚಿತ್ರದೊಳಗೆ ಬರತೊಡಗಿದರು.

ಆದರೂ ಕಟ್ಟೆಗೆ ಬಂದಿಳಿದ ಹತ್ತಿಯ ಅಂಡಿಗೆ ಕಾಣುತ್ತದೆ, ಅದನ್ನು ಅಮೆರಿಕದಲ್ಲಿ ಬೆಳೆದ ಗುಲಾಮ ಕಾಣುವುದಿಲ್ಲ. 1861ರ ಅಂತರ್ಯುದ್ಧದಿಂದ ಆ ಹತ್ತಿ ನಿಂತಾಗ ಲ್ಯಾಂಕಷೈರಿನ ಗಿರಣಿಗಳ ಕಣ್ಣು ಧಾರವಾಡ ಸೀಮೆಯ ಮೇಲೆ ಬಿದ್ದಿತು. ಅಲ್ಲಿ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ 1840ರ ದಶಕದಿಂದಲೇ ಬೆಳೆಯುತ್ತಿತ್ತು. ಅದನ್ನು ಸಾಗಿಸಲು ಕಾರವಾರದಲ್ಲಿ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿಯ ಒತ್ತಡವಿತ್ತು. ಮರ್ಸಿ ನದಿಯ ದಂಡೆಯ ಆ ಅಂಡಿಗೆಗಳಲ್ಲಿ ನಮ್ಮ ಎರೆಮಣ್ಣಿನ ಬೆಳೆ ಯಾವುದೆಂಬುದನ್ನು ಮಾತ್ರ ಯಾವ ಮಸೂರವೂ ತೋರಿಸದು.