ಕಡತವೂ ಕ್ಯಾನ್ವಾಸೂ

ಕಡತವೆಂದರೆ ಇಂದು ನಮಗೆ ಕಚೇರಿಯ ಫೈಲು. ನಮ್ಮ ಹಿರಿಯರಿಗೆ ಅದು ಬಟ್ಟೆಯ ಪುಸ್ತಕವಾಗಿತ್ತು. ಹತ್ತಿಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ ಮಡಚಿ, ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಅದರ ಮೇಲೆಯೇ ಹೊಸದನ್ನು ಬರೆಯಬಹುದಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚಿರಪರಿಚಿತ. ಯುರೋಪಿನಲ್ಲಿಯೂ ಚರ್ಮದ ಹಾಳೆಯ ಹಳೆಯ ಬರಹವನ್ನು ಕೆರೆದು ಹೊಸದನ್ನು ಬರೆಯುವ ಪದ್ಧತಿಯಿತ್ತು. ಎಷ್ಟು ಕೆರೆದರೂ ಹಳೆಯ ಅಕ್ಷರಗಳ ಛಾಯೆ ಉಳಿಯುತ್ತಿತ್ತು. ಅಂಥ ಹಾಳೆಯ ಹೆಸರು ‘ಪಾಲಿಂಪ್ಸೆಸ್ಟ್’.

ಈ ಗುಣವನ್ನು ಚಿತ್ರಕಲೆಗೆ ತಂದವರಲ್ಲಿ ನಾವು ನೆಲೆಸಿರುವ ವಡೋದರದ ಗುಲಾಂ ಮೊಹಮ್ಮದ್ ಶೇಖ್ ಪ್ರಮುಖರು. ಫತೇಗಂಜಿಗೆ ಸಮೀಪದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ ಆರಂಭವಾದದ್ದು 1950ರಲ್ಲಿ. ಸುರೇಂದ್ರನಗರದಲ್ಲಿ 1937ರಲ್ಲಿ ಜನಿಸಿದ ಶೇಖ್, 1955ರಲ್ಲಿ ಇಲ್ಲಿಗೆ ವಿದ್ಯಾರ್ಥಿಯಾಗಿ ಬಂದರು, 1960ರಲ್ಲಿ ಅಧ್ಯಾಪಕರಾದರು. ಮುಂದೆ ಲಂಡನ್ನಿನಲ್ಲಿಯೂ ಕಲಿತರು. ಮೊಗಲರ ಕಿರುಚಿತ್ರ, ಇಟಲಿಯ ಸಿಯೆನಾ ನಗರದ ಚಿತ್ರಪರಂಪರೆ, ಕಬೀರನ ರೂಪ ಇವೆಲ್ಲ ಅವರ ಚಿತ್ರಗಳಲ್ಲಿ ಒಂದರ ಹಿಂದೊಂದು ಇಣುಕುತ್ತವೆ. 2001ರ ಅವರ ಪ್ರದರ್ಶನದ ಹೆಸರೇ ‘ಪಾಲಿಂಪ್ಸೆಸ್ಟ್’.

ಅನಂತರದ ‘ಮಪ್ಪಾಮುಂಡಿ’ ಚಿತ್ರಮಾಲೆಯಂತೂ ಇನ್ನೂ ಕುತೂಹಲಕರ. ಜರ್ಮನಿಯ ಎಬ್‌ಸ್ಟೋರ್ಫ್‌ನಲ್ಲಿ ದೊರೆತ 13ನೆಯ ಶತಮಾನದ ಭೂಪಟವೇ ಇದಕ್ಕೆ ಆಧಾರ. 30 ಆಡಿನ ಚರ್ಮಗಳನ್ನು ಸೇರಿಸಿ ಬರೆದಿದ್ದ ಆ ಮೂಲ ಭೂಪಟ 1943ರ ಬಾಂಬು ದಾಳಿಯಲ್ಲಿ ಸುಟ್ಟುಹೋಯಿತು; ಉಳಿದದ್ದು ಪ್ರತಿಗಳು ಮಾತ್ರ. ಅದರ ಬಿಂಬವನ್ನು ಶೇಖರು ಕಂಪ್ಯೂಟರಿನಲ್ಲಿ ತಿದ್ದಿ, ಮುದ್ರಿಸಿ, ಮೇಲೆ ಕೈಯಿಂದ ಬಣ್ಣ ಹಚ್ಚಿದರು. ಮಜ್ನೂ, ಕಬೀರ, ಮೇರಿ ಮ್ಯಾಗ್ಡಲೀನ್ ಒಂದೇ ಭೂಪಟದ ನಿವಾಸಿಗಳಾದರು.

ಇದೇ ವಿಭಾಗದಲ್ಲಿ ಶಿಲ್ಪಕಲೆ ಕಲಿತ ಬೆಂಗಳೂರಿನ ಎನ್. ಪುಷ್ಪಮಾಲಾ ಹಳೆಯ ಬಿಂಬಗಳನ್ನು ಬೇರೆ ಬಗೆಯಲ್ಲಿ ಎತ್ತಿಕೊಂಡರು. ಕ್ಲೇರ್ ಆರ್ನಿಯವರೊಡನೆ 2000ದಿಂದ 2004ರವರೆಗೆ ಮಾಡಿದ ಛಾಯಾಚಿತ್ರಮಾಲೆಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗಿ ತಾವೇ ನಿಂತರು. ನಮ್ಮ ದೇವರಮನೆಗಳ ಲಕ್ಷ್ಮಿಯೇ ಇವಳು! ಬರೋಡದ ಅರಸರಿಗಾಗಿಯೂ ಚಿತ್ರ ಬರೆದವನು ರವಿವರ್ಮ ಎಂಬುದನ್ನು ಇಲ್ಲಿ ನೆನೆಯಬೇಕು.

ಇದು ಕೇವಲ ಕಲೆಗಾರರ ಕೈಚಳಕವೆ? ಶೇಖರು 1981ರಿಂದ 1984ರವರೆಗೆ ರಚಿಸಿದ ‘ಸಿಟಿ ಫಾರ್ ಸೇಲ್’ ಚಿತ್ರದಲ್ಲಿ ಇದೇ ವಡೋದರವಿದೆ, ಇಲ್ಲಿನ ಕೋಮುಗಲಭೆಯೂ ಇದೆ. ಒಂದು ಊರಿಗೆ ಒಂದೇ ಚರಿತ್ರೆ ಎನ್ನುವವರು ಕೆಳಗಿನ ಪದರವನ್ನು ಒರೆಸಹೊರಡುತ್ತಾರೆ. ಅದರ ಫಲವನ್ನು ಈ ನಗರ 2002ರಲ್ಲಿಯೂ ಉಂಡಿದೆ. ಕನ್ನಡದ ಮೇಲೆ ಗುಜರಾತಿಯನ್ನು ಬರೆದುಕೊಂಡು ಬಾಳುತ್ತಿರುವ ನಮಗೆ ಈ ಚಿತ್ರಗಳು ಹತ್ತಿರದವು. ಮೇಲಿನ ಬರಹ ಸ್ಪಷ್ಟವಾಗಿರಲಿ, ಕೆಳಗಿನದೂ ಕಾಣುತ್ತಿರಲಿ. ಮಕ್ಕಳಿಗೆ ಈ ಚಿತ್ರಗಳನ್ನು ತೋರಿಸುವಾಗ ಕಡತದ ಕಥೆಯನ್ನೂ ಹೇಳೋಣ.